ಸ್ಕಾಟ್ಲೆಂಡಿನ ಅಬರ್ಡೀನ್ ಹತ್ತಿರದ ಬ್ರೀಡರ್ ಒಬ್ಬರಿಂದ ಶೆಲ್ಟಿ (ಶೆಟ್ಲೆಂಡ್ ಶೀಪ್‌ಡಾಗ್) ನಾಯಿಮರಿ ತಂದೆವು: ನನ್ನ ರಿವ್ಯೂ

ಮರಿ ಕೊಡುವ ಮೊದಲು ನಮ್ಮನ್ನೇ ಪರೀಕ್ಷೆ ಮಾಡಿದವರು ಇವರು, ಅದಕ್ಕೇ ನಾನು ಕಣ್ಣು ಮುಚ್ಚಿ ಒಳ್ಳೆಯ ಮಾತು ಹೇಳುತ್ತೇನೆ. ಮನೆಯಲ್ಲೇ ಅಪರೂಪಕ್ಕೆ ಒಂದು ಸೂಲು ಮರಿ ಮಾಡಿಸುತ್ತಾರೆ, ಅಂಗಡಿಯಲ್ಲ, ಹಾಗಾಗಿ ಹೆಸರು ಹಾಕಿಲ್ಲ. ಯುಕೆಯಲ್ಲಿ ಶೆಲ್ಟಿ ಹುಡುಕುತ್ತಿರುವ ನಮ್ಮ ಕನ್ನಡದವರು ಇಂಥ ಬ್ರೀಡರನ್ನೇ ಹುಡುಕಿ.

ಫೋನಿನಲ್ಲಿ ಅವರ ಮೊದಲ ಪ್ರಶ್ನೆ, ಪಕ್ಕದ ಮನೆಗೂ ನಿಮಗೂ ಒಂದೇ ಗೋಡೆಯಾ ಅಂತ. ಯಾಕೆಂದರೆ ಶೆಲ್ಟಿ ಬೊಗಳುತ್ತದೆ, ತುಂಬಾನೇ ಬೊಗಳುತ್ತದೆ. ಶೆಟ್ಲೆಂಡ್ ದ್ವೀಪಗಳಲ್ಲಿ ಕುರಿಗಳನ್ನು ಬೆಳೆಯಿಂದ ಓಡಿಸಲು ಸಾಕಿದ ನಾಯಿ ಇದು, ಬೊಗಳುವುದೇ ಅದರ ಕೆಲಸವಾಗಿತ್ತು. ಹಗಲು ಮನೆಯಲ್ಲಿ ಯಾರಿರುತ್ತಾರೆ, ಮಕ್ಕಳಿಗೆ ಎಷ್ಟು ವಯಸ್ಸು ಅಂತಲೂ ಕೇಳಿದರು. ಮಕ್ಕಳು ಓಡಿದರೆ ಇದು ಸುತ್ತು ಹಾಕಿ ಹಿಮ್ಮಡಿ ಹಿಂದೆ ಬೀಳುತ್ತದೆ, ಸೈಕಲ್ ಕಾರು ಕಂಡರೂ ಅಷ್ಟೇ. ರಸ್ತೆ ಬದಿಯಲ್ಲಿ ಹಗ್ಗ ಬಿಚ್ಚಲೇಬೇಡಿ.

ಮರಿಗಳು ಇದ್ದದ್ದು ಅವರ ಅಡುಗೆಮನೆಯಲ್ಲಿ. ವಾಷಿಂಗ್ ಮಷೀನು, ಕುಕ್ಕರು, ಮೊಮ್ಮಕ್ಕಳ ಗಲಾಟೆ, ಎಲ್ಲದರ ನಡುವೆ ಬೆಳೆದಿದ್ದವು. ಇದು ಬಹಳ ಮುಖ್ಯ. ಶೆಲ್ಟಿ ಹೊಸಬರ ಹತ್ತಿರ ಬೇಗ ಬರುವುದಿಲ್ಲ, ಜೋರು ಸದ್ದಿಗೆ ಬೆಚ್ಚುತ್ತದೆ, ಅಂಥದ್ದರಲ್ಲಿ ಶೆಡ್ಡಿನಲ್ಲಿ ಒಂಟಿಯಾಗಿ ಬೆಳೆದ ಮರಿ ತಂದರೆ ಜೀವನಪೂರ್ತಿ ಅಂಜಿಕೊಂಡೇ ಇರಬಹುದು. ತಾಯಿ ನಾಯಿಯೂ ಅಲ್ಲೇ ಇತ್ತು. ನಾವು ಕೂತ ಸ್ವಲ್ಪ ಹೊತ್ತಿಗೆ ತಾನಾಗೇ ಬಂದು ಕೈ ಮೂಸಿತು. ಮರಿಗಿಂತ ಜಾಸ್ತಿ ತಾಯಿಯನ್ನು ನೋಡಿ.

ಆಮೇಲೆ ಕಾಗದಪತ್ರ. ಮರಿಗಳಿಗೆಲ್ಲ ಕಣ್ಣಿನ ಪರೀಕ್ಷೆ ಮಾಡಿಸಿದ್ದರು. ಕೋಲಿ ಐ ಅನಾಮಲಿ ಅನ್ನುವ ಹುಟ್ಟುದೋಷ ಈ ತಳಿಯಲ್ಲಿದೆ. 5ರಿಂದ 8 ವಾರದೊಳಗೆ ನೋಡಿಸಬೇಕು, ತಡವಾದರೆ ಕಣ್ಣಿನ ಹಿಂಭಾಗದಲ್ಲಿ ಬಣ್ಣ ತುಂಬಿಕೊಂಡು ಸಣ್ಣ ದೋಷ ಕಾಣದೇ ಹೋಗುತ್ತದೆ. ತಂದೆತಾಯಿಯ ಎಂಡಿಆರ್1 ಜೀನ್ ಪರೀಕ್ಷೆಯೂ ಇತ್ತು. ಈ ಜೀನ್ ಕೆಟ್ಟಿರುವ ನಾಯಿಗೆ ಕೆಲವು ಔಷಧಿಗಳು ಮಿದುಳಿಗೇ ವಿಷವಾಗುತ್ತವೆ, ಜಾಸ್ತಿ ಪ್ರಮಾಣದ ಐವರ್ಮೆಕ್ಟಿನ್ ಒಂದು, ನಾವು ಭೇದಿಗೆ ನುಂಗುವ ಲೋಪರಮೈಡ್ ಇನ್ನೊಂದು. ಹೊಟ್ಟೆ ಕೆಟ್ಟಿದೆ ಅಂತ ಮನೆಯ ಮಾತ್ರೆ ಕೊಡಬೇಡಿ. ಈರುಳ್ಳಿ ಹಾಕಿದ ಸಾಂಬಾರು, ದ್ರಾಕ್ಷಿ ಹಾಕಿದ ಪಾಯಸ ಯಾವ ನಾಯಿಗೂ ಬೇಡವೇ ಬೇಡ.

ನೀಲಿ ಛಾಯೆಯ ಬೂದು ಮೈಮೇಲೆ ಕಪ್ಪು ಮಚ್ಚೆಗಳಿರುವ ಬ್ಲೂ ಮರ್ಲ್ ಮರಿ ಇದೆಯಾ ಅಂತ ಕೇಳಿದೆ. ಈ ಸಲ ಇಲ್ಲ ಅಂದರು, ಜೊತೆಗೆ ಒಂದು ವಿಷಯ ಹೇಳಿದರು: ತಂದೆ ತಾಯಿ ಎರಡೂ ಮರ್ಲ್ ಆದರೆ ಕೆಲವು ಮರಿಗಳು ಕುರುಡಾಗಿ, ಕಿವುಡಾಗಿ ಹುಟ್ಟುವ ಅಪಾಯವಿದೆ. ಬಣ್ಣಕ್ಕೆ ಜಾಸ್ತಿ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಮಿನಿಯೇಚರ್ ಕೋಲಿ, ಅಂದರೆ ಕೋಲಿ ಅನ್ನುವ ದೊಡ್ಡ ಕುರಿನಾಯಿಯ ಚಿಕ್ಕ ರೂಪ, ಅಂತ ಶೆಲ್ಟಿಯನ್ನು ಮಾರುವವರ ಹತ್ತಿರವೂ. ಶೆಲ್ಟಿ ಬೇರೆಯೇ ತಳಿ, ಶೆಟ್ಲೆಂಡಿನ ಲರ್ವಿಕ್ ಊರಿನಲ್ಲಿ 1908ರಲ್ಲೇ ಇದರ ಕ್ಲಬ್ ಶುರುವಾಗಿದೆ.

ನನಗೆ ಅತಿ ಇಷ್ಟವಾದದ್ದು ಬ್ರಷ್ ಪಾಠ. ಮೇಲೆ ಒರಟು ಕೂದಲು, ಒಳಗೆ ಹತ್ತಿಯಂಥ ಮೆತ್ತನೆ ಕೂದಲು, ಎರಡು ಪದರ. ಮೇಲೆ ಮೇಲೆ ಬಾಚಿದರೆ ಒಳಗೆ ಗಂಟಾಗುತ್ತದೆ. ಸ್ವಲ್ಪ ನೀರು ಚಿಮುಕಿಸಿ, ಕೂದಲನ್ನು ಬೈತಲೆ ತೆಗೆದ ಹಾಗೆ ಬಿಡಿಸಿ, ಬುಡದಿಂದ ಸಾಲು ಸಾಲಾಗಿ ಬಾಚಬೇಕು. ಕಿವಿ ಹಿಂದೆ, ಮುಂಗಾಲಿನ ಸಂದಿಯಲ್ಲಿ, ತೊಡೆಯ ಹಿಂದೆ ಮರೆಯಬಾರದು. ಬೇಸಿಗೆ ಅಂತ ಬೋಳಿಸಬೇಡಿ, ಮತ್ತೆ ಬರುವ ಕೂದಲು ಮೊದಲಿನ ಹಾಗೆ ಇರದೇ ಹೋಗಬಹುದು. ಇದನ್ನು ಬೆಂಗಳೂರಿನಲ್ಲಿ ಸಾಕುವವರಿಗೂ ಹೇಳುತ್ತಿದ್ದೇನೆ. ಅಲ್ಲಿ ಏಪ್ರಿಲ್ ಬಿಸಿಲಿಗೆ ಮುಂಚೆ, ಬೆಳಿಗ್ಗೆ ಬೇಗ ವಾಕಿಂಗ್ ಮುಗಿಸಿ, ಅಷ್ಟೇ.

ಕೊರತೆ ಅಂದರೆ ಕಾಯುವುದು. ನಮ್ಮ ಸರದಿ ಬರುವಷ್ಟರಲ್ಲಿ ಮಕ್ಕಳು ಸೋತುಹೋದರು, ಮಧ್ಯೆ ಸುದ್ದಿಯೂ ಸರಿಯಾಗಿ ಬರಲಿಲ್ಲ. ಬೊಗಳುವುದನ್ನು ಕಡಿಮೆ ಮಾಡಲು ಏನು ಕಲಿಸಬೇಕು ಅಂತ ಅವರು ಇನ್ನಷ್ಟು ಹೇಳಿಕೊಡಬಹುದಿತ್ತು, ನಾವು ಬೇರೆ ತರಬೇತಿ ಕ್ಲಾಸಿಗೆ ಹೋಗಬೇಕಾಯಿತು. ಆದರೂ ಕರಾರಿನಲ್ಲಿ ಒಂದು ಸಾಲಿದೆ: ಯಾವ ಕಾರಣಕ್ಕೆ, ಯಾವ ವಯಸ್ಸಿನಲ್ಲಿ ಸಾಕಲು ಆಗದಿದ್ದರೂ ನಾಯಿಯನ್ನು ಅವರಿಗೇ ವಾಪಸ್ ಕೊಡಬೇಕು. ನೀವು ಹೋಗುವ ಕಡೆ ಈ ಸಾಲು ಇದೆಯಾ ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ.