ಕಲ್ಲು ಇಲ್ಲಿ, ಕದನ ಅಲ್ಲಿ: ಬಿಗ್ ಡ್ರೈ ವಾಶ್ ಸ್ಮಾರಕ (5ಕ್ಕೆ 3)

ಫೀನಿಕ್ಸಿನ ಜುಲೈ ಸೆಕೆಗೆ ಬೇಸತ್ತು ಅಪ್ಪ-ಅಮ್ಮನನ್ನು ಕರೆದುಕೊಂಡು ಅರಿಝೋನಾದ ಉದ್ದನೆಯ ಕಡಿದಾದ ಗುಡ್ಡದಂಚು ಮಗಿಯೋನ್ ರಿಮ್ ಹತ್ತಿದೆವು. (ಸ್ಪೆಲ್ಲಿಂಗ್ ನೋಡಿ ಮೊಗೊಲ್ಲಾನ್ ಅಂದರೆ ಅಲ್ಲಿನವರು ನಗುತ್ತಾರೆ, ನಾನು ನಗಿಸಿಕೊಂಡಿದ್ದೇನೆ.) ಪೇಸನ್ ದಾಟಿ ಮೇಲೆ ಬಂದು 300ನೇ ನಂಬರಿನ ಅರಣ್ಯ ರಸ್ತೆಗೆ ತಿರುಗಿದರೆ ಪೈನ್ ಕಾಡಿನ ಮಣ್ಣುದಾರಿ. ಅಮೆರಿಕ ಸೈನ್ಯಕ್ಕೂ ಅಪಾಚೆ ಮೂಲನಿವಾಸಿಗಳಿಗೂ ನಡೆದ ಕದನದ ಈ ಸ್ಮಾರಕ ಇರುವುದು ಜನರಲ್ ಸ್ಪ್ರಿಂಗ್ಸ್ ಕಡೆ, ದಾರಿ ಪಕ್ಕದಲ್ಲೇ. ಓದಿ ಮುಗಿಸಲು ಎರಡು ನಿಮಿಷ ಸಾಕು.

ಅದಕ್ಕೇ ಮನೆಯಲ್ಲೇ ಕಥೆ ಓದಿಕೊಂಡು ಹೋಗಿ. 1882ರ ಜುಲೈ 17. ಮುಖಂಡ ನಾಟಿಯೋಟಿಶ್ ಜೊತೆಗಿದ್ದ ಅಪಾಚೆಗಳು ಹೆಚ್ಚೆಂದರೆ ಅರವತ್ತು ಜನ. ಬೆನ್ನಟ್ಟಿ ಬರುತ್ತಿದ್ದುದು ಸೈನ್ಯದ ಒಂದೇ ಕುದುರೆ ತುಕಡಿ ಎಂದುಕೊಂಡು ಕಮರಿಯ ಆಚೆ ದಂಡೆಯಲ್ಲಿ ಹೊಂಚು ಹಾಕಿ ಕುಳಿತರು. ಆದರೆ ಆ ತುಕಡಿಯ ಕ್ಯಾಪ್ಟನ್ ಚಾಫಿಗೆ ಇನ್ನಷ್ಟು ತುಕಡಿಗಳು ಬಂದು ಸೇರಿದ್ದವು. ಸುಳಿವು ಹುಡುಕುತ್ತಾ ಮುಂದೆ ಹೋಗಿದ್ದ ಸೈನ್ಯದ ಸ್ಕೌಟ್ ಆಲ್ ಸೀಬರ್ ಕಣ್ಣಿಗೆ ಹೊಂಚು ಬಿತ್ತು. ಎದುರಿನಿಂದ ಗುಂಡು ಹಾರಿಸುತ್ತಲೇ ಸೈನಿಕರು ಎರಡೂ ಬದಿಯಿಂದ ಕಮರಿ ಇಳಿದು ಹತ್ತಿ ಸುತ್ತುವರಿದರು. ನಾಟಿಯೋಟಿಶ್ ಸತ್ತ. ಸೈನ್ಯದ ಕಡೆಯೂ ಅಪಾಚೆ ಸ್ಕೌಟ್‌ಗಳಿದ್ದರು ಅನ್ನೋದು ನನ್ನನ್ನು ಇನ್ನೂ ಕೊರೆಯುತ್ತಿದೆ. ಸೈನಿಕರಲ್ಲಿ ನಾಲ್ವರಿಗೆ ಅಮೆರಿಕದ ಅತ್ಯುನ್ನತ ಸೇನಾ ಪದಕ ಮೆಡಲ್ ಆಫ್ ಆನರ್ ಸಿಕ್ಕಿತು.

ಇಷ್ಟೆಲ್ಲ ನಡೆದದ್ದು ಕಲ್ಲಿರುವ ಜಾಗದಲ್ಲಲ್ಲ, ಅಲ್ಲಿಂದ ಕೆಲವು ಮೈಲಿ ಉತ್ತರಕ್ಕೆ. ಎರಡು ನಕ್ಷತ್ರ ಕಡಿಮೆ ಕೊಟ್ಟಿದ್ದು ಅದಕ್ಕೆ, ಅದೂ ಅಪ್ಪನ ಒತ್ತಾಯಕ್ಕೆ. ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಎಳೆಸಿದವರು. "ಬಾಂದುಕಲ್ಲು ಅಂದ್ರೆ ಅದು ನಿಂತ ಜಾಗವೇ ಲೆಕ್ಕ ಕಣೋ. ಆ ಕಡೆ ಹೋಗಿ ನೋಡು ಅಂತ ಹೇಳೋ ಕಲ್ಲು ಎಂಥದ್ದು?" ದಾರಿ ಎಲ್ಲಿದೆಯೋ ಅಲ್ಲಿ ನೆಟ್ಟಿದ್ದಾರೆ, ಓದುವವರು ಬರಬೇಕಲ್ಲ ಎಂದೆ. ಒಪ್ಪಲಿಲ್ಲ.

ಮುಂದೆ ರಿಮ್ ಅಂಚಿನಲ್ಲಿ ಇಳಿದೆವು. ದೃಶ್ಯವೆಲ್ಲ ದಕ್ಷಿಣಕ್ಕೆ, ಸೆಲ್ಫಿ ಹೊಡೆಯುವವರೆಲ್ಲ ಆ ಕಡೆಯೇ. ಅಪ್ಪ ಮಾತ್ರ ಫೋನಿನ ದಿಕ್ಸೂಚಿ ಹಿಡಿದು ಉತ್ತರಕ್ಕೆ, ಬರೀ ಮರಗಳ ಕಡೆಗೆ ನೋಡುತ್ತಾ ನಿಂತಿದ್ದರು. ಅಮ್ಮನ ಫೋಟೋದಲ್ಲಿ ಅವರ ಬೆನ್ನಷ್ಟೇ ಬಿದ್ದಿದೆ.

ಹೋಗುವವರಿಗೆ: ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ. ನೀರು ನೀವೇ ಒಯ್ಯಿರಿ. ಜುಲೈನಲ್ಲಾದರೆ ಬೆಳಿಗ್ಗೆಯೇ ಹೋಗಿ ಬನ್ನಿ. ಅವತ್ತಿನ ಕಾಳಗವನ್ನು ನಿಲ್ಲಿಸಿದ್ದು ಸಂಜೆಯ ಗುಡುಗು, ಆಲಿಕಲ್ಲು ಮಳೆ. ನಮ್ಮ ಕಾರಿನ ಬಾನೆಟ್ ಮೇಲೂ ನಾಲ್ಕು ಗುಳಿ ಬಿದ್ದಿವೆ.