ಅಂಗನವಾಡಿ ಊಟಕ್ಕೆ ನನ್ನ ಮಾರ್ಕು

ಹೋಟೆಲಿಗೆಲ್ಲ ಸ್ಟಾರ್ ಕೊಡುತ್ತಾರೆ. ಅಂಗನವಾಡಿ ಊಟಕ್ಕೆ ಯಾರಾದರೂ ಕೊಟ್ಟಿದ್ದು ನಾನಂತೂ ನೋಡಿಲ್ಲ. ಐದು ತಿಂಗಳು ಉಂಡವಳು, ನಾನೇ ಕೊಡುತ್ತೇನೆ. ಊಟಕ್ಕೆ 5ಕ್ಕೆ 4. ದಾರಿಗೆ 1.

ತೀರ್ಥಹಳ್ಳಿ ತಾಲ್ಲೂಕಿನ ಒಂದು ಮೂಲೆ ಊರು ನಮ್ಮದು. ಯೋಜನೆಯ ಹೆಸರು ಮಾತೃಪೂರ್ಣ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಶುರುವಾಯಿತು. ಬಸುರಿಯರಿಗೆ, ಬಾಣಂತಿಯರಿಗೆ ತಿಂಗಳಲ್ಲಿ 25 ದಿನ ಮಧ್ಯಾಹ್ನ ಬಿಸಿಯೂಟ. ಅನ್ನ, ಸಾಂಬಾರು, ಪಲ್ಯ, ಬೇಯಿಸಿದ ಮೊಟ್ಟೆ, 200 ಎಂಎಲ್ ಹಾಲು, ಶೇಂಗಾ ಚಿಕ್ಕಿ. ಅಲ್ಲೇ ಕೂತು ಉಣ್ಣಬೇಕು.

ರುಚಿ ಹೇಗೆ ಅಂದರೆ, ದಿನಾ ಒಂದೇ ತರ ಇರುವುದಿಲ್ಲ. ಸಾಂಬಾರು ಕೆಲವು ದಿನ ನೀರು ನೀರು. ಆದರೆ ಸಹಾಯಕಿ ಅಕ್ಕ ಮನೆ ಹಿತ್ತಲಿಂದ ಬಸಳೆ ಕೊಯ್ದು ತಂದ ದಿನ ಮಾತ್ರ ಬೆಳ್ಳುಳ್ಳಿ ಒಗ್ಗರಣೆ ಪರಿಮಳ ಗೇಟಿನ ತನಕ ಬರುತ್ತಿತ್ತು. ಆ ದಿನ ಎರಡು ಸಲ ಹಾಕಿಸಿಕೊಂಡಿದ್ದೇನೆ. ಹಾಲು ಪುಡಿ ಕಲಸಿದ್ದು, ತಳದಲ್ಲಿ ಗಂಟು ನಿಂತಿರುತ್ತದೆ. ಚಿಕ್ಕಿ ಗಟ್ಟಿ ಹಲ್ಲಿನವರಿಗೆ ಮಾತ್ರ. ಒಮ್ಮೆ ಎರಡು ವಾರ ಮೊಟ್ಟೆಯೇ ಇರಲಿಲ್ಲ. ಬಿಲ್ ಆಗಿಲ್ಲವಂತೆ. ಆಮೇಲೆ ಟೀಚರ್ ಸ್ವಂತ ದುಡ್ಡಲ್ಲಿ ತಂದರು. ಅದಕ್ಕೇ ಪೂರ್ತಿ 5 ಕೊಡಲಿಲ್ಲ.

ಮೊದಲ ಬಸುರಿನಲ್ಲಿ ನಾನು ಈ ಕಡೆ ತಲೆ ಹಾಕಿರಲಿಲ್ಲ. ಅಡಿಕೆ ಸುಗ್ಗಿ ಸಮಯ. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವುದು, ನಡುವೆ ಹಸಿವಾದರೆ ಕಾಫಿ. ಆಶಾ ಕಾರ್ಯಕರ್ತೆ ಅಕ್ಕ ಕೊಟ್ಟ ಕಬ್ಬಿಣದ ಮಾತ್ರೆಯನ್ನೂ ಅದೇ ಕಾಫಿ ಜೊತೆ ನುಂಗುತ್ತಿದ್ದೆ. ಕಾಫಿ, ಟೀ ಜೊತೆ ತಗೊಂಡರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂತ ಆಗ ಗೊತ್ತೇ ಇರಲಿಲ್ಲ. ಮನೆಯಲ್ಲಿ ಅತ್ತೆಯ ಲೆಕ್ಕವೇ ಬೇರೆ. "ಜಾಸ್ತಿ ಉಣ್ಬೇಡ ಮಾರಾಯ್ತಿ, ಕೂಸು ದೊಡ್ಡದಾದ್ರೆ ಹೆರಿಗೆ ಕಷ್ಟ ಆಗ್ತದೆ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರಿಗೂ ಅವರ ಅತ್ತೆ ಅದನ್ನೇ ಹೇಳಿದ್ದರು.

ಒಂಬತ್ತನೇ ತಿಂಗಳಲ್ಲಿ ತಾಯಿ ಕಾರ್ಡಿನಲ್ಲಿ ಬರೆದ ಹಿಮೋಗ್ಲೋಬಿನ್ 7.4. ಬಸುರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ತೀವ್ರ. ಹೆರಿಗೆಯಲ್ಲಿ ರಕ್ತ ಹೋಯಿತು, ಎರಡು ಬಾಟ್ಲಿ ಹಾಕಿದರು. ಮಗ 1 ಕೆಜಿ 900 ಗ್ರಾಂ. ಎರಡೂವರೆ ಕೆಜಿಯಾದರೂ ಇರಬೇಕಿತ್ತು. ಸಿಸ್ಟರ್ ಒಬ್ಬರು ಹಾಸಿಗೆ ಪಕ್ಕ ನಿಂತು ಹೇಳಿದರು: "ಮೈಯಲ್ಲಿ ರಕ್ತ ಇದ್ದವ್ರು ಇಷ್ಟು ಹೋದ್ರೂ ತಡ್ಕೋತಾರೆ. ನಿನ್ನಂಥವ್ರಿಗೆ ಅಷ್ಟಕ್ಕೇ ಜೀವಕ್ಕೆ ಬರ್ತದೆ." ಮಗನಿಗೆ ಆ ವರ್ಷ ಎರಡು ಸಲ ನ್ಯುಮೋನಿಯಾ. ಐದು ವರ್ಷದೊಳಗಿನ ಮಕ್ಕಳ ಸಾವಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಅಪೌಷ್ಟಿಕತೆಯ ನಂಟಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೊರಗಿದ ಕೂಸಿಗೆ ಸಣ್ಣ ಭೇದಿಯೂ ದೊಡ್ಡದೇ. ನಾನೊಬ್ಬಳೇ ಹೀಗೆ ಅಂದುಕೊಂಡಿದ್ದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದ 100 ಬಸುರಿಯರಲ್ಲಿ ಸುಮಾರು 46 ಜನ ರಕ್ತ ಕಡಿಮೆ ಇದ್ದವರೇ.

ಎರಡನೇ ಸಲ ಏಪ್ರಿಲ್‌ನಿಂದಲೇ ಹೊರಟೆ. ಮಾತ್ರೆಗೂ ಕಾಫಿಗೂ ದೂರ ಇಟ್ಟೆ. ಊಟದ ಜೊತೆ ನೆಲ್ಲಿಕಾಯಿ ನಂಚಿಕೊಳ್ಳುತ್ತಿದ್ದೆ, ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದಂತೆ.

ಈಗ ದಾರಿ ವಿಷಯ. ಮನೆಯಿಂದ ಒಂದೂವರೆ ಕಿಲೋಮೀಟರ್. ತೋಟ ಇಳಿದು, ಹಳ್ಳದ ಮೇಲಿನ ಕಾಲುಸಂಕ (ಸಣ್ಣ ಸೇತುವೆ) ದಾಟಿ, ಗುಡ್ಡ ಹತ್ತಬೇಕು. ಈ ಯೋಜನೆ ಮಾಡಿದವರು ಬಯಲುಸೀಮೆಯ ಊರು ನೋಡಿರಬೇಕು, ಮನೆಗೆ ಮನೆ ಅಂಟಿಕೊಂಡಿದ್ದು. ನಮ್ಮಲ್ಲಿ ಪಕ್ಕದ ಮನೆ ಅಂದರೆ ನಡುವೆ ಒಂದು ಹಳ್ಳ. ಜುಲೈ, ಏಳನೇ ತಿಂಗಳು, ಜಾರುವ ಅಡಿಕೆ ದಬ್ಬೆಯ ಸಂಕ. ಉಂಡು ಮನೆಗೆ ಬರುವಷ್ಟರಲ್ಲಿ ಕಾಲಿಗೆ ನಾಲ್ಕು ಉಂಬಳ (ಜಿಗಣೆ) ಹತ್ತಿರುತ್ತಿದ್ದವು. ರಕ್ತ ಆಗಲಿ ಅಂತ ಹೋಗಿ ಉಂಬಳಕ್ಕೆ ರಕ್ತ ಕೊಟ್ಟು ಬರೋದು!

ಒಂದು ವಾರ ಟೀಚರ್ ಪಾಪ ನೋಡಿ ನಮ್ಮೆಜಮಾನರ ಕೈಲಿ ಡಬ್ಬಿ ಕಳಿಸಿದರು. ಸರಿಹೋಯಿತು ಅಂದುಕೊಂಡೆ. ಡಬ್ಬಿ ತೆಗೆದ ಕೂಡಲೇ ಮಗ ಮೊಟ್ಟೆಗೆ ಕೈ ಹಾಕಿದ. ಕೊಡದೆ ಇರೋಕಾಗುತ್ತಾ? ಚಿಕ್ಕಿ ಮಾವನಿಗೆ ಹೋಯಿತು, ಹಾಲು ಕಾಫಿಗೆ. ನನಗೆ ಉಳಿದಿದ್ದು ಅನ್ನ, ಸಾಂಬಾರು. ಮುಂದಿನ ಸೋಮವಾರ ಮತ್ತೆ ಸಂಕ ದಾಟಿದೆ. ಅಲ್ಲಿ ಕೂತರೆ ಮೊಟ್ಟೆ ನನ್ನದೇ. ಹಾಗಾಗಿ ಮನೆಗೆ ಕಳಿಸಿ ಅಂತ ನಾನು ಕೇಳುವುದಿಲ್ಲ. ನಮ್ಮ ಕೇರಿಯಲ್ಲೇ ಯಾರದಾದರೂ ಜಗಲಿಯಲ್ಲಿ ನಾಲ್ಕು ಜನ ಬಸುರಿಯರನ್ನು ಕೂರಿಸಿ ಬಡಿಸಿದರೆ ಸಾಕು.

ಆಗಸ್ಟ್‌ನಲ್ಲಿ ಅತ್ತೆಯೇ ಕೊಡೆ ಹಿಡಿದು, ಉಂಬಳಕ್ಕೆ ಹಾಕಲು ಸೆರಗಿನ ತುದಿಯಲ್ಲಿ ಉಪ್ಪು ಕಟ್ಟಿಕೊಂಡು ಜೊತೆಗೆ ಬಂದರು. ಹೆರಿಗೆ ಹೊತ್ತಿಗೆ ಹಿಮೋಗ್ಲೋಬಿನ್ 10.6. ಮಗಳು 2 ಕೆಜಿ 800 ಗ್ರಾಂ. ಅತ್ತೆ ತಕ್ಕಡಿ ನಂಬದೆ ಇನ್ನೊಮ್ಮೆ ತೂಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡು, ಕೂಸು ದೊಡ್ಡದಾಗ್ತದೆ ಅಂತ ನಾ ಹೇಳಿರ್ಲಿಲ್ವಾ?" ಅಂದರು.