ಎಸಿ ಪದೇಪದೇ ನಿಂತು ಶುರುವಾಗುತ್ತಿದೆಯೇ? ಗಡಿಯಾರ ನೋಡುವ ಮೊದಲು ಗ್ಯಾಸ್ ಹಾಕಿಸಬೇಡಿ

ಕಲಬುರಗಿಯ ಒಂದು ಮನೆ. ಮೇಲ್ಮಹಡಿಯ ಕೋಣೆಗೆ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ, ಇನ್ವರ್ಟರ್ ಅಲ್ಲದ್ದು (ಅಂದರೆ ವೇಗ ಬದಲಿಸದೆ, ಓಡಿ ನಿಂತು ಕೆಲಸ ಮಾಡುವ ಬಗೆಯದು), ಆರ್-32 ಎಂಬ ತಂಪು ಮಾಡುವ ಗ್ಯಾಸಿನದು. ಏಪ್ರಿಲ್ ಬಿಸಿಲಿಗೆ ಕೋಣೆ ತಣ್ಣಗಾಗುತ್ತಿಲ್ಲ ಎಂದು ಮೆಕ್ಯಾನಿಕ್‌ನನ್ನು ಕರೆಸಿದರು. ಆತ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿದ, ಮುಳ್ಳು 90 ಪಿಎಸ್ಐ (ಒತ್ತಡದ ಅಳತೆ) ತೋರಿಸಿತು. ‘ಗ್ಯಾಸ್ ಇಳಿದಿದೆ’ ಎಂದು 130ಕ್ಕೆ ಬರುವವರೆಗೆ ತುಂಬಿ, ದುಡ್ಡು ತೆಗೆದುಕೊಂಡು ಹೋದ. ಮರುವಾರದಿಂದ ಹೊಸ ಕಾಟ ಶುರುವಾಯಿತು. ಮಧ್ಯಾಹ್ನ ಕಂಪ್ರೆಸರ್ (ಹೊರಗಿನ ಯೂನಿಟ್‌ನಲ್ಲಿ ಗ್ಯಾಸನ್ನು ಒತ್ತಿ ಸುತ್ತಿಸುವ ಯಂತ್ರ) ಹತ್ತು ನಿಮಿಷ ಓಡಿ ನಿಲ್ಲುವುದು, ಅರ್ಧ ಗಂಟೆ ಬಿಟ್ಟು ಮತ್ತೆ ಶುರುವಾಗಿ ಇನ್ನೂ ಬೇಗ ನಿಲ್ಲುವುದು. ಎರಡನೆಯ ಮೆಕ್ಯಾನಿಕ್ ಬಂದು ಪಿಸಿಬಿ, ಅಂದರೆ ಎಸಿಯನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್, ಬದಲಿಸಿದ. ಏನೂ ಉಪಯೋಗವಾಗಲಿಲ್ಲ. ಮೇ ಮುಗಿಯುವಷ್ಟರಲ್ಲಿ ಕಂಪ್ರೆಸರ್‌ನ ವೈಂಡಿಂಗ್ (ಮೋಟರಿನ ತಂತಿಯ ಸುತ್ತು) ಸುಟ್ಟುಹೋಯಿತು.

ಕೊನೆಗೆ ಎಸಿ ಬಿಚ್ಚಿ ನೋಡಿದಾಗ ಎಲ್ಲೂ ಲೀಕ್ ಇರಲಿಲ್ಲ. ಮನೆಯವರು ಫಿಲ್ಟರನ್ನು ತಪ್ಪದೆ ತೊಳೆಯುತ್ತಿದ್ದರು, ಅದು ಶುಭ್ರವಾಗಿತ್ತು. ಆದರೆ ಅದರ ಹಿಂದೆ ಕೋಣೆಗೆ ಗಾಳಿ ಊದುವ ಬ್ಲೋವರ್‌ನ ಎಸಳುಗಳ ನಡುವೆ ಧೂಳು ಗಟ್ಟಿಯಾಗಿ ಕೂತಿತ್ತು. ಹೊರಗಿನ ಯೂನಿಟ್‌ನ ಕಾಯಿಲ್ (ಗ್ಯಾಸ್ ಹರಿಯುವ ಪೈಪಿನ ಸುರುಳಿ) ಮೇಲಂತೂ ದಾಲ್ ಮಿಲ್ಲುಗಳ ಕಡೆಯಿಂದ ಬರುವ ತೊಗರಿ ಹೊಟ್ಟಿನ ಧೂಳು ಕಂಬಳಿಯ ಹಾಗೆ ಹೊದ್ದುಕೊಂಡಿತ್ತು. ಒಳಗಿನ ಗ್ಯಾಸನ್ನು ಹೊರತೆಗೆದು ತೂಗಿದರೆ, ಯೂನಿಟ್‌ನ ಫಲಕದಲ್ಲಿ ಬರೆದಿದ್ದಕ್ಕಿಂತ ಸುಮಾರು ಕಾಲು ಕಿಲೋ ಹೆಚ್ಚಿತ್ತು. ಅಂದರೆ ಮೊದಲ ದಿನವೂ ಗ್ಯಾಸ್ ಸರಿಯಾಗಿಯೇ ಇತ್ತು. ಒಳ್ಳೆಯ ಕಂಪ್ರೆಸರನ್ನು ಗ್ಯಾಸ್ ತುಂಬಿಯೇ ಕೊಂದಂತಾಯಿತು.

ಈ ತಪ್ಪು ಪ್ರತಿ ಬೇಸಿಗೆಯಲ್ಲೂ ಊರೂರಲ್ಲಿ ಆಗುತ್ತಿರುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳಬೇಕು. ಗೇಜ್ ಕೂರಿಸುವುದು ದಪ್ಪ ಪೈಪಿನ ವಾಲ್ವಿಗೆ. ಅಲ್ಲಿನ ಪ್ರೆಷರ್ ಗ್ಯಾಸ್ ಎಷ್ಟಿದೆ ಎಂಬುದರ ಮೇಲಷ್ಟೇ ನಿಂತಿಲ್ಲ, ಒಳಗಿನ ಕಾಯಿಲ್ ಮೇಲೆ ಎಷ್ಟು ಗಾಳಿ ಹಾಯುತ್ತಿದೆ ಎಂಬುದರ ಮೇಲೂ ನಿಂತಿದೆ. ಬ್ಲೋವರ್ ಕಟ್ಟಿಕೊಂಡರೆ ಕಾಯಿಲ್‌ಗೆ ಕೋಣೆಯ ಬಿಸಿ ಮುಟ್ಟುವುದಿಲ್ಲ, ಒಳಗಿನ ದ್ರವ ಪೂರ್ತಿ ಆವಿಯಾಗುವುದಿಲ್ಲ, ಗ್ಯಾಸ್ ಪೂರ್ತಿ ಇದ್ದರೂ ಪ್ರೆಷರ್ ಇಳಿಯುತ್ತದೆ. ಆರ್-32 ಎಸಿಯಲ್ಲಿ ಕಂಪ್ರೆಸರ್ ಓಡುವಾಗ ಸಾಮಾನ್ಯವಾಗಿ 120ರಿಂದ 150 ಪಿಎಸ್ಐ ಇರಬೇಕು. ಹಳೆಯ ಆರ್-22 ಆದರೆ 60ರಿಂದ 75. ಮುಳ್ಳು ಅದಕ್ಕಿಂತ ಕೆಳಗಿದೆ ಎಂದ ಮಾತ್ರಕ್ಕೆ ಗ್ಯಾಸ್ ಕಡಿಮೆ ಎಂದಾಗುವುದಿಲ್ಲ. ಕೊಳೆಯಾದ ಎಸಿಗೆ ಗೇಜ್ ಹಾಕಿ ಗ್ಯಾಸ್ ಅಳೆಯುವುದೆಂದರೆ ಓಡಿ ಬಂದವನ ನಾಡಿ ಹಿಡಿದು ಕಾಯಿಲೆ ಹೇಳಿದ ಹಾಗೆ.

ಹೀಗೆ ಹೆಚ್ಚಾಗಿ ತುಂಬಿದ ಗ್ಯಾಸ್ ಹೊರಗಿನ ಕಾಯಿಲ್‌ನಲ್ಲಿ ಹೋಗಿ ಸೇರುತ್ತದೆ. ಆ ಕಾಯಿಲ್ಲೂ ಧೂಳಿನಿಂದ ಮುಚ್ಚಿದ್ದು, ಹೊರಗೆ 42 ಡಿಗ್ರಿ ಬಿಸಿಲಿದ್ದರೆ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. ಕಂಪ್ರೆಸರ್ ದೂಡಬೇಕಾದ ಒತ್ತಡ 500 ಪಿಎಸ್ಐ ದಾಟುತ್ತದೆ, ಆಂಪಿಯರ್ ಏರುತ್ತದೆ, ಮೈ ಕಾಯುತ್ತದೆ. ಆಗ ಓವರ್‌ಲೋಡ್ ಪ್ರೊಟೆಕ್ಟರ್ ಎಂಬ ಸಣ್ಣ ಬಿಲ್ಲೆ ಕರೆಂಟ್ ಕಡಿಯುತ್ತದೆ. ಕಂಪ್ರೆಸರ್ ತಣ್ಣಗಾದ ಮೇಲೆ ಮತ್ತೆ ಸೇರಿಸುತ್ತದೆ. ಪ್ರತಿ ಸಲ ಶುರುವಾಗುವಾಗಲೂ ಕ್ಷಣಮಾತ್ರಕ್ಕೆ ಮಾಮೂಲಿಯ ನಾಲ್ಕರಿಂದ ಆರು ಪಟ್ಟು ಕರೆಂಟ್ ವೈಂಡಿಂಗ್‌ನಲ್ಲಿ ಹರಿಯುತ್ತದೆ. ಮೊದಲೇ ಕಾದಿರುವ ವೈಂಡಿಂಗ್ ಇದನ್ನು ಎಷ್ಟು ದಿನ ತಡೆದೀತು?

ಆದ್ದರಿಂದ ಯಾರನ್ನಾದರೂ ಕರೆಸುವ ಮೊದಲು ಅರ್ಧ ದಿನ ಗಡಿಯಾರ ಇಟ್ಟುಕೊಂಡು ಕೂತು ಬರೆದುಕೊಳ್ಳಿ. ಹೊರಗಿನ ಯೂನಿಟ್ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು, ನಿಂತಾಗ ಕೋಣೆ ತಣ್ಣಗಿತ್ತೇ ಇಲ್ಲವೇ, ಒಳಗಿನ ಫ್ಯಾನ್ ತಿರುಗುತ್ತಲೇ ಇತ್ತೇ. ಈ ನಾಲ್ಕು ವಿಷಯ ಗೊತ್ತಾದರೆ ದೋಷ ಯಾವ ಕಡೆ ಇದೆ ಎಂದು ಬಹಳ ಮಟ್ಟಿಗೆ ತಿಳಿಯುತ್ತದೆ.

ಇನ್ವರ್ಟರ್ ಇಲ್ಲದ ಎಸಿ ಹತ್ತು ಹದಿನೈದು ನಿಮಿಷ ಓಡಿ, ಇಟ್ಟ ಡಿಗ್ರಿ ಮುಟ್ಟಿದಾಗ ನಿಂತು, ಐದಾರು ನಿಮಿಷದ ಮೇಲೆ ಶುರುವಾದರೆ ಅದು ದೋಷವೇ ಅಲ್ಲ. ಅದರ ಕೆಲಸವೇ ಹಾಗೆ. ಇದನ್ನೇ ರೋಗವೆಂದುಕೊಂಡು ಮೆಕ್ಯಾನಿಕ್‌ನನ್ನು ಕರೆಸುವವರೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಕಂಪ್ರೆಸರ್ ಗುಂಯ್ ಎಂದು ಐದಾರು ಸೆಕೆಂಡು ಸದ್ದು ಮಾಡಿ, ಟಕ್ ಎಂದು ನಿಂತು, ಕೆಲವು ನಿಮಿಷದ ಮೇಲೆ ಮತ್ತೆ ಹಾಗೇ ಮಾಡಿದರೆ ಮೊದಲ ಅನುಮಾನ ಕಂಪ್ರೆಸರ್ ಶುರುವಾಗಲು ನೆರವಾಗುವ ಕೆಪಾಸಿಟರ್ ಮೇಲೆ, ಎರಡನೆಯದು ವೋಲ್ಟೇಜ್ ಮೇಲೆ. ಒಂದೂವರೆ ಟನ್ನಿನ ಎಸಿಗಳಲ್ಲಿ ಸಾಮಾನ್ಯವಾಗಿ 35ರಿಂದ 50 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇರುತ್ತದೆ. ಮೈಮೇಲೆ 50 ಎಂದು ಬರೆದಿದ್ದು ಮೀಟರಿನಲ್ಲಿ 40 ತೋರಿಸಿದರೂ ಬದಲಿಸಬೇಕು, ಏಕೆಂದರೆ ಅಲ್ಲಿ ಒಪ್ಪುವ ವ್ಯತ್ಯಾಸ ಶೇ 5ರ ಆಸುಪಾಸು ಮಾತ್ರ. ಕೆಲವು ನೂರು ರೂಪಾಯಿಯ ಸಾಮಾನು ಅದು. ಉಬ್ಬಿದ್ದರೆ ಅಳೆಯುವ ಅಗತ್ಯವೂ ಇಲ್ಲ. ಮನೆಯವರು ಮಾತ್ರ ಅದಕ್ಕೆ ಕೈ ಹಾಕಬಾರದು: ಎಂಸಿಬಿ (ಮನೆಯ ಬೋರ್ಡಿನಲ್ಲಿ ಎಸಿಗೆ ಕರೆಂಟ್ ಕಡಿಯುವ ಸ್ವಿಚ್) ಇಳಿಸಿದ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ, ಅದರ ಶಾಕ್ ಸಣ್ಣದಲ್ಲ. ವೋಲ್ಟೇಜ್ ನೋಡುವುದಿದ್ದರೆ ಎಸಿ ಆಫ್ ಇದ್ದಾಗ ನೋಡಿ ಉಪಯೋಗವಿಲ್ಲ. ಕಂಪ್ರೆಸರ್ ಓಡುವಾಗ ಅದೇ ಪ್ಲಗ್‌ನಲ್ಲಿ ನೋಡಬೇಕು. ಹಳೆಯ ಮನೆಗಳಲ್ಲಿ ತೆಳ್ಳಗಿನ ವೈರಿಗೇ ಎಸಿ ಜೋಡಿಸಿರುತ್ತಾರೆ. ಒಂದೂವರೆ ಟನ್ನಿಗೆ ಬೋರ್ಡಿನಿಂದ ನೇರವಾಗಿ ಬಂದ 4 ಚದರ ಮಿಲಿಮೀಟರಿನ ತಾಮ್ರದ ವೈರ್ ಇದ್ದರೆ ಚಿಂತೆಯಿಲ್ಲ. ಪ್ಲಗ್ಗಿನ ಪಿನ್ ಕಪ್ಪಾಗಿದ್ದರೆ, ಮುಟ್ಟಿದರೆ ಸುಡುತ್ತಿದ್ದರೆ, ದೋಷ ಅಲ್ಲೇ ಇರಬಹುದು.

ಹತ್ತು ಹದಿನೈದು ನಿಮಿಷ ಓಡಿ ನಿಲ್ಲುತ್ತದೆ, ಕೋಣೆ ತಣ್ಣಗಾಗಿಲ್ಲ, ಮತ್ತೆ ಶುರುವಾಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಮಧ್ಯಾಹ್ನ ಕಾಟ ಹೆಚ್ಚು, ನಡುರಾತ್ರಿ ಕಡಿಮೆ: ಇದು ಕಲಬುರಗಿಯ ಮನೆಯಲ್ಲಿ ಆದದ್ದು. ಹೊರಗಿನ ಯೂನಿಟ್‌ಗೆ ಉಸಿರು ಕಟ್ಟಿದೆ ಎಂದು ಅರ್ಥ. ಕಾಯಿಲ್ ಮುಚ್ಚಿರಬಹುದು, ಹೊರಗಿನ ಫ್ಯಾನ್ ನಿಧಾನವಾಗಿರಬಹುದು, ಗ್ಯಾಸ್ ಹೆಚ್ಚಾಗಿರಬಹುದು, ಅಥವಾ ಯೂನಿಟ್ ಇಟ್ಟ ಜಾಗವೇ ಸರಿಯಿಲ್ಲದಿರಬಹುದು. ಅಪಾರ್ಟ್‌ಮೆಂಟಿನ ಕಿರಿದಾದ ಡಕ್ಟ್‌ಗಳಲ್ಲಿ ನಾಲ್ಕೈದು ಯೂನಿಟ್ ಒಂದರ ಮೇಲೊಂದು ಇಟ್ಟರೆ ಕೆಳಗಿನದು ಬಿಟ್ಟ ಬಿಸಿಗಾಳಿಯನ್ನೇ ಮೇಲಿನದು ಎಳೆದುಕೊಳ್ಳುತ್ತದೆ. ಪಾರಿವಾಳ ಬರುತ್ತವೆಂದು ಯೂನಿಟ್‌ಗೆ ಒತ್ತಿ ಕಟ್ಟಿದ ಬಲೆ, ಬಿಸಿಲು ಬೀಳಬಾರದೆಂದು ಹೊದಿಸಿದ ಶೇಡ್ ನೆಟ್, ಇವೂ ಗಾಳಿ ತಡೆಯುತ್ತವೆ. ನೆರಳು ಬೇಕಿದ್ದರೆ ಮೇಲಕ್ಕೆ ಎತ್ತರದಲ್ಲಿ ತಗಡು ಹಾಕಿಸಿ. ಯೂನಿಟ್‌ನ ಹಿಂದೆ ಗೇಣಿನಷ್ಟು ಜಾಗ, ಗಾಳಿ ಉಗುಳುವ ಮುಂಭಾಗದಲ್ಲಿ ಕನಿಷ್ಠ ಎರಡು ಮೂರು ಅಡಿ ಖಾಲಿ ಇರಲಿ. ತೊಳೆಯುವಾಗ ಕವಚ ಬಿಚ್ಚಿ ಒಳಗಿನಿಂದ ಹೊರಕ್ಕೆ ನೀರು ಹಾಯಿಸಬೇಕು. ಹೊರಗಿನಿಂದ ಜೋರಾಗಿ ಹೊಡೆದರೆ ಧೂಳು ಇನ್ನಷ್ಟು ಒಳಕ್ಕೆ ಹೋಗಿ ಕೂರುತ್ತದೆ, ತೆಳ್ಳಗಿನ ಅಲ್ಯೂಮಿನಿಯಂ ಎಲೆಗಳೂ ಮಡಚಿಕೊಳ್ಳುತ್ತವೆ.

ಎರಡು ಮೂರು ನಿಮಿಷಕ್ಕೇ ನಿಲ್ಲುತ್ತದೆ, ಕೋಣೆ ಇನ್ನೂ ಸೆಕೆಯಾಗಿಯೇ ಇದೆ, ಹೊರಗಿನ ಯೂನಿಟ್ ಕಾದಿಲ್ಲ ಎಂದಾದರೆ ಸೆನ್ಸರ್ ನೋಡಿಸಿ. ಕೋಣೆಯ ಉಷ್ಣತೆ ಓದುವ ಆ ಸಣ್ಣ ಮಣಿ ಒಳಗಿನ ಕಾಯಿಲ್‌ನ ಮುಂದೆ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಕೂತಿರುತ್ತದೆ. ಸರ್ವಿಸ್ ಮಾಡುವಾಗ ಜಾರಿ ಕಾಯಿಲ್‌ಗೆ ತಾಗಿದರೆ, ಕಾಯಿಲ್‌ನ ಚಳಿಯನ್ನೇ ಕೋಣೆಯ ಚಳಿ ಎಂದು ತಿಳಿದು ಕಂಪ್ರೆಸರ್ ನಿಲ್ಲಿಸುತ್ತದೆ. ಕ್ಲಿಪ್ಪಿಗೆ ಮತ್ತೆ ಸಿಕ್ಕಿಸಿದರೆ ಸಾಕು, ಒಂದು ಪೈಸೆ ಖರ್ಚಿಲ್ಲ. ಒಳಗಿನ ಯೂನಿಟ್‌ನ ಎದುರಿಗೇ ಪರದೆ ಅಥವಾ ಬೀರು ಇದ್ದರೂ ತಣ್ಣನೆ ಗಾಳಿ ಅಲ್ಲೇ ಮರಳಿ ಇದೇ ಮೋಸವಾಗುತ್ತದೆ.

ಹಾಗೇ ಬೇಗ ನಿಲ್ಲುತ್ತದೆ, ಆದರೆ ಕೋಣೆಯೂ ನಿಜಕ್ಕೂ ತಣ್ಣಗಾಗಿದೆ ಎಂದರೆ ಎಸಿಯೇ ಕೋಣೆಗಿಂತ ದೊಡ್ಡದು. ಹತ್ತಡಿ ಹನ್ನೆರಡಡಿ ಕೋಣೆಗೆ ಒಂದು ಟನ್ ಸಾಕು. ತಾರಸಿಯ ಕೆಳಗಿನ ಕೋಣೆ, ಪಡುವಣ ಬಿಸಿಲಿನ ಗೋಡೆ ಇದ್ದರೆ ಒಂದೂವರೆ ನೋಡಬಹುದು. ‘ದೊಡ್ಡದಿದ್ದರೆ ಬೇಗ ತಂಪು’ ಎಂಬ ಮಾತು ಮಂಗಳೂರು, ಉಡುಪಿಯ ಕಡೆ ಬಹಳ ತೊಂದರೆ ಕೊಡುತ್ತದೆ. ಅಲ್ಲಿನ ಸಂಕಟ ಬಿಸಿಗಿಂತ ತೇವದ್ದು. ಕಾಯಿಲ್ ಮೇಲೆ ನೀರು ಇಳಿಯಲು ಎಸಿ ಸತತವಾಗಿ ಓಡಬೇಕು. ಮೂರು ನಿಮಿಷಕ್ಕೇ ನಿಂತರೆ ಕೋಣೆ ತಣ್ಣಗಿದ್ದೂ ಮೈ ಅಂಟಂಟಾಗಿರುತ್ತದೆ. ಇನ್ವರ್ಟರ್ ಎಸಿ ಕೊಂಡರೂ ಇದು ಪೂರ್ತಿ ತಪ್ಪುವುದಿಲ್ಲ, ಏಕೆಂದರೆ ಅದರ ವೇಗ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಲಾರದು. ಇದಕ್ಕೆ ರಿಪೇರಿ ಇಲ್ಲ. ಮಾರುವಾಗಲೇ ಕೋಣೆಯ ಅಳತೆ ಕೇಳದ ಅಂಗಡಿಯವರಿಂದ ಕೊಳ್ಳಬೇಡಿ.

ಒಳಗಿನ ಯೂನಿಟ್‌ನ ದೀಪವೂ ಸೇರಿ ಎಲ್ಲ ಆರಿಹೋದರೆ ಸ್ಟೆಬಿಲೈಜರ್, ಎಂಸಿಬಿ, ಸಡಿಲವಾದ ಪ್ಲಗ್ ನೋಡಿ.

ಇನ್ನು ಅರ್ಧ ಗಂಟೆ ಚೆನ್ನಾಗಿ ಓಡಿ, ಗಾಳಿ ಮೆಲ್ಲಗೆ ಕಡಿಮೆಯಾಗಿ, ಆಫ್ ಮಾಡಿದ ಮೇಲೆ ಒಳಗಿನಿಂದ ನೀರು ಸುರಿದರೆ ಕಾಯಿಲ್‌ಗೆ ಮಂಜು ಕಟ್ಟಿದೆ. ಮಂಜನ್ನು ಕೆರೆಯಬೇಡಿ, ಕಾಯಿಲ್ ತೂತಾದೀತು. ರಿಮೋಟಿನಲ್ಲಿ ಫ್ಯಾನ್ ಮೋಡ್ ಹಾಕಿ ಒಂದೆರಡು ಗಂಟೆ ಬಿಡಿ, ಕರಗುತ್ತದೆ. ಮಂಜು ಕಾಯಿಲ್ ತುಂಬ ಸಮನಾಗಿ ಕಟ್ಟಿದ್ದರೆ ಗಾಳಿಯ ಕೊರತೆ, ಅಂದರೆ ಕೊಳೆ. ಗ್ಯಾಸ್ ಒಳಬರುವ ಕಡೆಯ ಒಂದೆರಡು ಸುತ್ತಿಗೆ ಮಾತ್ರ ಕಟ್ಟಿ ಉಳಿದದ್ದು ಒಣಗಿದ್ದರೆ ಮಾತ್ರ ಗ್ಯಾಸ್ ಕಡಿಮೆ ಎಂಬ ಅನುಮಾನಕ್ಕೆ ಬಲ ಬರುತ್ತದೆ.

ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಲ್ಲ. ಮುಚ್ಚಿದ ಪೈಪಿನಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದೆ ಎಂದರೆ ಲೀಕ್ ಇದೆ, ಲೀಕ್ ಮುಚ್ಚದೆ ತುಂಬುವುದು ಒಡೆದ ಕೊಡಕ್ಕೆ ನೀರು ಹೊತ್ತಂತೆ. ಹೆಚ್ಚಿನ ಲೀಕ್ ಸಿಗುವುದು ಹೊರಗಿನ ಯೂನಿಟ್‌ನ ಹಿತ್ತಾಳೆ ನಟ್‌ಗಳ ಬಳಿ, ಅಲ್ಲಿ ಎಣ್ಣೆಯ ಜಿಡ್ಡು ಕಾಣುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿಗೆ ಕಾಯಿಲ್ಲೇ ತಿಂದುಹೋಗಿರುವುದೂ ಉಂಟು.

ಸರಿಯಾಗಿ ಕೆಲಸ ಮಾಡುವ ಮೆಕ್ಯಾನಿಕ್ ಮೊದಲು ಬ್ಲೋವರ್, ಎರಡೂ ಕಾಯಿಲ್ ತೊಳೆಯುತ್ತಾನೆ. ಹದಿನೈದು ನಿಮಿಷ ಓಡಿಸಿ, ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ ಎಷ್ಟು ಡಿಗ್ರಿ ವ್ಯತ್ಯಾಸವಿದೆ ಎಂದು ನೋಡುತ್ತಾನೆ. ಸಾಮಾನ್ಯವಾಗಿ 8ರಿಂದ 12 ಇರಬೇಕು. ಕ್ಲಾಂಪ್ ಮೀಟರ್ ಹಾಕಿ ಆಂಪಿಯರನ್ನು ಫಲಕದ ಅಂಕಿಯೊಂದಿಗೆ ಹೋಲಿಸುತ್ತಾನೆ. ಇದೆಲ್ಲ ಆದ ಮೇಲೂ ಅನುಮಾನವಿದ್ದರೆ ಗೇಜ್. ಲೀಕ್ ಇದ್ದರೆ ನೈಟ್ರೋಜನ್ ತುಂಬಿ ಸಾಬೂನು ನೀರಿನಿಂದ ಹುಡುಕಿ ಮುಚ್ಚಿ, ಪಂಪಿನಿಂದ ಕನಿಷ್ಠ ಇಪ್ಪತ್ತು ಮೂವತ್ತು ನಿಮಿಷ ವ್ಯಾಕ್ಯೂಮ್ ಎಳೆದು, ಆಮೇಲೆ ಫಲಕದಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಬೇಕು. ತಕ್ಕಡಿ ತಂದಿಲ್ಲ ಎಂದರೆ ಆ ದಿನ ಗ್ಯಾಸ್ ಹಾಕಿಸಬೇಡಿ. ಆರ್-32 ಬೆಂಕಿ ಹಿಡಿಯಬಲ್ಲ ಗ್ಯಾಸ್. ಒಳಗೆ ಗ್ಯಾಸ್ ಇರುವಾಗಲೇ ಪೈಪಿಗೆ ಬೆಸುಗೆ ಹಚ್ಚಲು ಹೊರಟವರನ್ನು ಅಲ್ಲೇ ತಡೆಯಿರಿ.

ಮೆಕ್ಯಾನಿಕ್ ಬರುವುದು ನಾಳೆಯೋ ನಾಡಿದ್ದೋ ಎಂದಾದರೆ ಅಲ್ಲಿಯವರೆಗೆ ಎಸಿಯ ಎಂಸಿಬಿ ಇಳಿಸಿಡಿ. ಬಿಟ್ಟು ಬಿಟ್ಟು ಓಡುವ ಎಸಿಯನ್ನು ರಾತ್ರಿಯಿಡೀ ಹಾಗೇ ಬಿಟ್ಟರೆ ಕಂಪ್ರೆಸರ್ ಹತ್ತಾರು ಸಲ ಏಟು ತಿನ್ನುತ್ತದೆ. ಕಲಬುರಗಿಯ ಆ ಮನೆಯಲ್ಲಿ ಪಿಸಿಬಿ ಬದಲಿಸಿದ ಮೇಲೂ ಎಸಿ ಹಾಗೆಯೇ ಮೂರು ವಾರ ಓಡಿತ್ತು.